ಗುಂಡಿ ಹಾಕಿಕೊಳ್ಳಲಾರದ ಕೈಗಳು

1815ರ ಜೂನ್ 18ರಂದು ವಾಟರ್‌ಲೂ ಯುದ್ಧಭೂಮಿಯಲ್ಲಿ ವೆಲಿಂಗ್ಟನ್ನನ ಕಾರ್ಯದರ್ಶಿಯಾಗಿದ್ದ ಫಿಟ್ಜ್‌ರಾಯ್ ಸಾಮರ್‌ಸೆಟ್ ಎಂಬ 26ರ ತರುಣನ ಬಲಗೈಗೆ ಗುಂಡು ತಗುಲಿತು. ಅರಿವಳಿಕೆ ಮದ್ದು ಇನ್ನೂ ಬಂದಿರದ ಕಾಲ. ವೈದ್ಯರು ಕೈಯನ್ನು ಕತ್ತರಿಸಿ ಅತ್ತ ಇಟ್ಟಾಗ ಆತ ನರಳಲಿಲ್ಲವಂತೆ. ಬೆರಳಿನಲ್ಲಿ ಹೆಂಡತಿ ಕೊಟ್ಟ ಉಂಗುರವಿದೆ, ಆ ಕೈಯನ್ನು ಇತ್ತ ತನ್ನಿ ಎಂದನಂತೆ. ಮುಂದೆ ಎಡಗೈಯಲ್ಲಿ ಬರೆಯುವುದನ್ನು ಕಲಿತು, 1852ರಲ್ಲಿ ಲಾರ್ಡ್ ರಾಗ್ಲನ್ ಎಂಬ ಪದವಿ ಪಡೆದು, 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಬ್ರಿಟಿಷ್ ಸೇನಾಪತಿಯಾಗಿ ಹೊರಟಾಗ ಅವನಿಗೆ ಅರವತ್ತೈದು ದಾಟಿತ್ತು.

ಯುದ್ಧದಲ್ಲಿ ಅವನಿಗೆ ಒಳ್ಳೆಯ ಹೆಸರೇನೂ ಬರಲಿಲ್ಲ. ಆದರೆ ಹೊಲಿಗೆಯ ಜಗತ್ತಿನಲ್ಲಿ ಹೆಸರು ಉಳಿದುಬಿಟ್ಟಿತು. ‘ರಾಗ್ಲನ್ ತೋಳು’ ಎಂದರೆ ಇಂದಿಗೂ ನಮ್ಮ ಟೈಲರುಗಳಿಗೆ ತಿಳಿಯುತ್ತದೆ. ಸಾಮಾನ್ಯ ಅಂಗಿಯ ತೋಳು ಭುಜದ ಮೂಳೆಯ ತುದಿಯಲ್ಲಿ ಮೈಗೆ ಸೇರುತ್ತದೆ. ರಾಗ್ಲನ್ ತೋಳು ಅಲ್ಲಿ ನಿಲ್ಲದೆ ಕಂಕುಳಿನಿಂದ ಓರೆಯಾಗಿ ಕುತ್ತಿಗೆಯವರೆಗೂ ಏರಿಹೋಗುತ್ತದೆ. ಭುಜದ ಮೇಲೆ ಹೊಲಿಗೆಯೇ ಇಲ್ಲ. ತೋಳು ತೂರಿಸುವ ಕಿಂಡಿ ದೊಡ್ಡದು. ಕೈ ಇಲ್ಲದ ಸೇನಾಪತಿ ಕೋಟು ಹಾಕಿಕೊಳ್ಳಲು ಸುಲಭವಾಗಲೆಂದು ಹುಟ್ಟಿದ ತೋಳು ಇದು ಎಂದು ಹೇಳುತ್ತಾರೆ. ಇವತ್ತು ಮೈ ಒಂದು ಬಣ್ಣ, ತೋಳು ಇನ್ನೊಂದು ಬಣ್ಣ ಇರುವ ಟೀ ಶರ್ಟು ತೊಟ್ಟು ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ ಈ ಕಥೆ ಗೊತ್ತಿರಲಾರದು. ಭುಜ ಹಿಡಿದುಕೊಂಡ ಮುದುಕರಿಗೆ ಎಂಥ ಅಂಗಿ ಹೊಲಿಸಬೇಕೆಂದು ಕೇಳಿದರೆ ಆಸ್ಪತ್ರೆಯ ಥೆರಪಿಸ್ಟರು ಇಂದಿಗೂ ಹೇಳುವುದು ಅದೇ ತೋಳನ್ನು.

ಮಾತು ಕೇಳದ ಮೈಗೆ ಬಟ್ಟೆಯನ್ನು ಹೊಂದಿಸುವ ಪ್ರಯತ್ನಕ್ಕೆ ಹೀಗೆ ಒಂದು ಇತಿಹಾಸವಿದೆ. ರಾಜರ ಪೋಷಾಕು, ರಾಣಿಯರ ಜರತಾರಿಯ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಎದ್ದು ನಿಲ್ಲಲಾರದವರು, ಬೆರಳು ಮಡಚಲಾರದವರು ಏನು ಉಟ್ಟರು, ಹೇಗೆ ಉಟ್ಟರು ಎಂಬುದನ್ನು ಬರೆದಿಟ್ಟವರು ಕಡಿಮೆ.

ಕನ್ನಡದಲ್ಲಿ ಬಟ್ಟೆಗೆ ಸಂಬಂಧಿಸಿದ ಕ್ರಿಯಾಪದಗಳನ್ನು ಗಮನಿಸಿ. ಸೀರೆ ಉಡುತ್ತೇವೆ, ರವಿಕೆ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ರುಮಾಲು ಸುತ್ತುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಒಂದೊಂದು ಮಾತಿಗೂ ಮೈಯ ಬೇರೆ ಬೇರೆ ಚಲನೆ. ಉಡುವುದಕ್ಕೆ ನಿಂತಿರಬೇಕು, ಎರಡು ಕೈಯೂ ಸೊಂಟದ ಸುತ್ತ ಓಡಾಡಬೇಕು. ತೊಡುವುದಕ್ಕೆ ಭುಜ ಹಿಂದಕ್ಕೆ ತಿರುಗಬೇಕು. ಮೆಟ್ಟುವುದಕ್ಕೆ ಒಂಟಿಕಾಲಿನ ಮೇಲೆ ಕ್ಷಣಕಾಲ ನಿಲ್ಲಬೇಕು. ಹೊದೆಯುವುದು ಇವೆಲ್ಲಕ್ಕಿಂತ ಸುಲಭ. ಕುಳಿತೂ ಆದೀತು, ಇನ್ನೊಬ್ಬರೂ ಹೊದಿಸಬಹುದು. ವಯಸ್ಸಾದಂತೆ ಈ ಕ್ರಿಯಾಪದಗಳು ಒಂದೊಂದಾಗಿ ಕೈಬಿಟ್ಟುಹೋಗುತ್ತವೆ. ಮೊದಲು ಕಾಲುಚೀಲ, ಆಮೇಲೆ ಬೆನ್ನ ಹಿಂದಿನ ಹುಕ್ಕು, ಆಮೇಲೆ ಅಂಗಿಯ ಗುಂಡಿ.

ಇದು ಬರಿಯ ಊಹೆಯಲ್ಲ. 1963ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಸೊಂಟದ ಮೂಳೆ ಮುರಿದುಕೊಂಡ ವೃದ್ಧರೇ ಮೊದಲಾದವರನ್ನು ಗಮನಿಸಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ಸ್ನಾನ, ಉಡುಪು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬದಲಾಗುವುದು, ಮಲಮೂತ್ರದ ಹಿಡಿತ, ಊಟ ಎಂದು ಆರು ಕೆಲಸಗಳು. ಇವುಗಳಲ್ಲಿ ಎಷ್ಟನ್ನು ಒಬ್ಬರು ತಾವೇ ಮಾಡಿಕೊಳ್ಳುತ್ತಾರೆ ಎಂಬುದೇ ಅಳತೆ. ಕಾಟ್ಜ್ ಕಂಡ ಕುತೂಹಲದ ಸಂಗತಿ ಏನೆಂದರೆ, ಚೇತರಿಸಿಕೊಳ್ಳುವಾಗ ಊಟ ಮತ್ತು ಹಿಡಿತ ಮೊದಲು ಮರಳುತ್ತವೆ. ಸ್ನಾನ, ಉಡುಪು ಕೊನೆಗೆ. ಮಗು ಬೆಳೆಯುವಾಗ ಕಲಿಯುವ ಕ್ರಮವೂ ಹೆಚ್ಚುಕಡಿಮೆ ಇದೇ. ಕಳೆದುಕೊಳ್ಳುವಾಗ ತಿರುವುಮುರುವು: ಸ್ನಾನ, ಉಡುಪು ಮೊದಲು ಹೋಗುತ್ತವೆ. ಹಾಗೆಂದರೆ, ತನ್ನ ಬಟ್ಟೆ ತಾನು ಹಾಕಿಕೊಳ್ಳಲಾರದ ಮನುಷ್ಯನಿಗೆ ಇನ್ನೂ ಎಷ್ಟೋ ಶಕ್ತಿ ಉಳಿದಿರುತ್ತದೆ. ತಾನೇ ಊಟ ಮಾಡುತ್ತಾನೆ, ಪತ್ರಿಕೆ ಓದುತ್ತಾನೆ, ಮೊಮ್ಮಕ್ಕಳೊಂದಿಗೆ ವಾದ ಮಾಡುತ್ತಾನೆ. ಬೆಳಗ್ಗೆ ಅಂಗಿಯ ಗುಂಡಿ ಹಾಕಲು ಮಾತ್ರ ಸೊಸೆಯನ್ನು ಕರೆಯಬೇಕು. ಅಂದಹಾಗೆ ಕಾಟ್ಜರ ಪಟ್ಟಿಯಲ್ಲಿ ಒಂದು ಔದಾರ್ಯವಿದೆ. ಬೂಟಿನ ಲೇಸು ಕಟ್ಟಲು ಇನ್ನೊಬ್ಬರ ಸಹಾಯ ಪಡೆದರೂ ‘ಸ್ವಂತವಾಗಿ ಉಡುಪು ಧರಿಸುತ್ತಾರೆ’ ಎಂದೇ ಲೆಕ್ಕ.

ಗುಂಡಿಯ ಕೆಲಸ ಎಷ್ಟು ಸೂಕ್ಷ್ಮ ಎಂಬುದನ್ನು ಓದುಗರು ಪರೀಕ್ಷಿಸಿ ನೋಡಬಹುದು. ಎಡಗೈಯನ್ನು ಜೇಬಿನಲ್ಲಿಟ್ಟು ಬಲಗೈ ಒಂದರಿಂದಲೇ ಅಂಗಿಯ ಆರು ಗುಂಡಿ ಹಾಕಿಕೊಳ್ಳಿ. ಬಲ ಮಣಿಕಟ್ಟಿನ ಗುಂಡಿಯನ್ನೂ ಅದೇ ಬಲಗೈಯಿಂದ ಹಾಕಲು ಪ್ರಯತ್ನಿಸಿ. ಲಕ್ವ ಹೊಡೆದು ಒಂದು ಪಕ್ಕ ಸೋತವರು ದಿನವೂ ಎದುರಿಸುವ ಪರೀಕ್ಷೆ ಅದು. ಬೆರಳ ಗೆಣ್ಣು ಊದಿದ ಸಂಧಿವಾತದವರಿಗೆ ಎರಡು ಕೈ ಇದ್ದೂ ಚಿಟಿಕೆ ಹಿಡಿತ ಸಿಗದು. ಕೈ ನಡುಗುವವರಿಗೆ ಗುಂಡಿ ಸಿಕ್ಕರೆ ಕಾಜ ಸಿಗದು, ಕಾಜ ಸಿಕ್ಕರೆ ಗುಂಡಿ ಸಿಗದು.

ಈ ‘ಕಾಜ’ ಎಂಬ ಮಾತು ನಮಗೆ ಪೋರ್ಚುಗೀಸರಿಂದ ಬಂದದ್ದು. ಅವರ ‘ಕಾಸಾ’ ಎಂದರೆ ಮನೆ, ಗುಂಡಿ ಕೂರುವ ಮನೆ. ಸಿಂಧೂ ಕಣಿವೆಯಲ್ಲೂ ಗುಂಡಿಗಳು ಸಿಕ್ಕಿವೆ, ಆದರೆ ಅವು ಹೆಚ್ಚಾಗಿ ಅಲಂಕಾರಕ್ಕೆ. ಬಟ್ಟೆಯ ಅಂಚಿನಲ್ಲಿ ಸಾಲಾಗಿ ಕಾಜ ಹೊಲಿದು ಮೈಗೆ ಬಿಗಿಯಾಗಿ ಕೂರುವ ಉಡುಪು ಯೂರೋಪಿನಲ್ಲಿ ರೂಢಿಗೆ ಬಂದದ್ದು 13ನೆಯ ಶತಮಾನದಿಂದ ಈಚೆಗೆ. ಮೈಗಂಟಿದ ಬಟ್ಟೆ ಎಂದರೆ ಒಂದೇ ಮೈಗೆ, ಒಂದೇ ವಯಸ್ಸಿಗೆ ಕತ್ತರಿಸಿದ ಬಟ್ಟೆ. ಬೆನ್ನು ಬಾಗಿತು, ಹೊಟ್ಟೆ ಬಂತು, ಮೈ ಬತ್ತಿತು ಎಂದರೆ ಅದು ಹೊಂದುವುದಿಲ್ಲ. ನಮ್ಮ ಹೊಲಿಯದ ಬಟ್ಟೆಗೆ ಈ ತೊಂದರೆ ಇರಲಿಲ್ಲ. ಪಂಚೆ, ಸೀರೆ, ಶಲ್ಯಗಳಿಗೆ ಅಳತೆಯೇ ಇಲ್ಲ. ಮದುವೆಯಲ್ಲಿ ಉಟ್ಟ ಸೀರೆಯನ್ನು ಎಪ್ಪತ್ತರಲ್ಲೂ ಉಡಬಹುದು.

ಹಾಗೆಂದು ನಮ್ಮ ಹಿರಿಯರು ಎಲ್ಲವನ್ನೂ ಕಂಡುಹಿಡಿದಿದ್ದರು ಎಂದು ಬೀಗುವುದು ಬೇಡ. ಆರು ಗಜದ ಸೀರೆಗೆ ನಿರಿಗೆ ಹಿಡಿಯುವುದು ಎರಡು ಕೈಯ ಕೆಲಸ, ನಿಂತು ಮಾಡುವ ಕೆಲಸ. ಒಳಲಂಗದ ಲಾಡಿಯ ಗಂಟು ಸಂಧಿವಾತದ ಬೆರಳಿಗೆ ಗುಂಡಿಗಿಂತ ಕಠಿಣ; ಬಿಗಿದುಕೊಂಡರೆ ಹಲ್ಲಿನಿಂದ ಕಚ್ಚಿ ಎಳೆಯಬೇಕು. ಕಚ್ಚೆ ಪಂಚೆ ಉಡಲು ಕೈ ಬೆನ್ನ ಹಿಂದೆ ಹೋಗಲೇಬೇಕು. ಮೈ ಸೋತವರಿಗೆ ಕೂಡುಕುಟುಂಬದಲ್ಲಿ ಉಡಿಸುವ ಕೈಗಳು ಇದ್ದವು ಎಂಬುದೇ ಹಿಂದಿನ ಪರಿಹಾರ. ಆ ಕೈಗಳು ಹೆಚ್ಚಾಗಿ ಹೆಂಗಸರವು, ಅವರನ್ನು ಯಾರೂ ಕೇಳಿರಲಿಲ್ಲ.

ಉಡುಪಿನಿಂದ ದೌರ್ಬಲ್ಯವನ್ನು ಮರೆಮಾಡುವ ಕಲೆಯಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರನ್ನು ಮೀರಿಸಿದವರಿಲ್ಲ. 1921ರಲ್ಲಿ ಪೋಲಿಯೊದಂಥ ಕಾಯಿಲೆ ಬಂದು ಅವರ ಎರಡು ಕಾಲೂ ಸೋತವು. 1933ರಿಂದ 1945ರವರೆಗೆ ದೇಶವಾಳಿದ ಈ ಮನುಷ್ಯ ಗಾಲಿಕುರ್ಚಿಯಲ್ಲಿ ಕುಳಿತ ಚಿತ್ರಗಳು ಬೆರಳೆಣಿಕೆಯಷ್ಟು ಮಾತ್ರ. ಕಾಲಿನ ಉಕ್ಕಿನ ಆಸರೆಗಳಿಗೆ ಬೂಟಿನ ಬಳಿ ಕಪ್ಪು ಬಣ್ಣ, ಪ್ಯಾಂಟು ಸ್ವಲ್ಪ ಉದ್ದ. ಮೇಲೆ ಕೋಟಿನ ಬದಲು ನೌಕಾಪಡೆಯ ಅಧಿಕಾರಿಗಳು ಹೊದೆಯುವ ತೋಳಿಲ್ಲದ ನಿಲುವಂಗಿ. 1945ರ ಯಾಲ್ಟಾ ಸಮ್ಮೇಳನದ ಪ್ರಸಿದ್ಧ ಚಿತ್ರದಲ್ಲಿ ಚರ್ಚಿಲ್, ಸ್ಟಾಲಿನ್ ನಡುವೆ ಅವರು ಅದನ್ನೇ ಹೊದ್ದು ಕುಳಿತಿದ್ದಾರೆ. ಕುಳಿತೇ ಇರುವ ಮನುಷ್ಯನಿಗೆ ಓವರ್‌ಕೋಟು ಹಾಕುವುದು ದೊಡ್ಡ ಸಾಹಸ. ಕೆಳಗಿನ ಭಾಗವೆಲ್ಲ ಕುರ್ಚಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೊದಿಕೆಯಾದರೆ ಭುಜದ ಮೇಲೆ ಹಾಕಿದರಾಯಿತು. ನೋಡಿದವರಿಗೆ ಅದು ಗತ್ತು. ವಾಷಿಂಗ್ಟನ್ನಿನಲ್ಲಿ 1997ರಲ್ಲಿ ತೆರೆದ ಅವರ ಸ್ಮಾರಕದ ಶಿಲ್ಪದಲ್ಲೂ ಆ ಹೊದಿಕೆಯೇ ಕುರ್ಚಿಯನ್ನು ಮುಚ್ಚಿತ್ತು. ಅಂಗವಿಕಲರ ಸಂಘಟನೆಗಳು ಪ್ರತಿಭಟಿಸಿದ ಮೇಲೆ 2001ರಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಇನ್ನೊಂದು ಪ್ರತಿಮೆಯನ್ನು ಅಲ್ಲಿ ಇಡಲಾಯಿತು. ಮುಚ್ಚಬೇಕೆ, ತೋರಬೇಕೆ ಎಂಬ ಜಗಳ ಹೀಗೆ ಕಂಚಿನಲ್ಲೇ ಎರಕಗೊಂಡಿದೆ.

ಅಧ್ಯಕ್ಷರಿಗೆ ದರ್ಜಿ ಇದ್ದರು, ಸೇವಕರಿದ್ದರು. ಸಾಮಾನ್ಯ ಜನರ ಪಾಡೇನು ಎಂಬ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೈಗೆತ್ತಿಕೊಂಡದ್ದು ನ್ಯೂಯಾರ್ಕಿನಲ್ಲಿ, 1950ರ ದಶಕದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ವಾಯುದಳದ ವೈದ್ಯರಾಗಿದ್ದ ಹೋವರ್ಡ್ ರಸ್ಕ್, ಗಾಯಾಳುಗಳನ್ನು ಬದುಕಿಸಿದರೆ ಸಾಲದು, ಬದುಕಿಗೆ ಮರಳಿಸಬೇಕು ಎಂದು ನಂಬಿದ್ದವರು. ಯುದ್ಧದ ನಂತರ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪುನಶ್ಚೇತನ ಸಂಸ್ಥೆಯೊಂದನ್ನು ಕಟ್ಟಿದರು. ಅಲ್ಲಿ ನಡೆಯಲು ಕಲಿತ ರೋಗಿ ಮನೆಗೆ ಹೋಗಿ ಕೆಲಸ ಹುಡುಕಬೇಕಾದರೆ ಸಂದರ್ಶನಕ್ಕೆ ಏನು ಹಾಕಿಕೊಂಡು ಹೋಗಬೇಕು? ಇದೇ ತೊಡಕು. ಕಾಲಿನ ಲೋಹದ ಪಟ್ಟಿಗಳು ಪ್ಯಾಂಟನ್ನು ಒಳಗಿನಿಂದ ಹರಿಯುತ್ತವೆ. ಊರುಗೋಲು ಕಂಕುಳಿನ ಬಟ್ಟೆಯನ್ನು ಸವೆಸುತ್ತದೆ, ಒಳಗೆ ಸಿಕ್ಕಿಸಿದ ಅಂಗಿಯನ್ನು ಹೆಜ್ಜೆಗೊಮ್ಮೆ ಮೇಲಕ್ಕೆಳೆಯುತ್ತದೆ.

ಈ ಕೆಲಸಕ್ಕೆ ಬಂದವರು ಹೆಲೆನ್ ಕುಕ್‌ಮನ್ ಎಂಬ ವಸ್ತ್ರವಿನ್ಯಾಸಗಾರ್ತಿ. ಸರ್ಕಾರದ ವೃತ್ತಿ ಪುನಶ್ಚೇತನ ಇಲಾಖೆಯ ನೆರವಿನಿಂದ 1955ರ ಸುಮಾರಿಗೆ ಆರಂಭವಾದ ಅವರ ಪ್ರಯೋಗಗಳು ‘ಫಂಕ್ಷನಲ್ ಫ್ಯಾಷನ್ಸ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾದವು. ಸಂಸ್ಥೆಯ ಥೆರಪಿಸ್ಟ್ ಮ್ಯೂರಿಯಲ್ ಜಿಮ್ಮರ್‌ಮನ್ ಜೊತೆ ಸೇರಿ 1961ರಲ್ಲಿ ಅದೇ ಹೆಸರಿನಲ್ಲಿ ಪುಸ್ತಕವನ್ನೂ ತಂದರು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಫ್ಯಾಷನ್ ಸಂಪಾದಕಿಯಾಗಿದ್ದ ವರ್ಜೀನಿಯಾ ಪೋಪ್ ನಿವೃತ್ತಿಯ ನಂತರ ಈ ಕೆಲಸಕ್ಕೆ ಕೈಜೋಡಿಸಿದರು. ದೊಡ್ಡ ದೊಡ್ಡ ವಿನ್ಯಾಸಗಾರರ ಬಾಗಿಲು ತೆರೆದದ್ದರಲ್ಲಿ ಅವರ ಪರಿಚಯಗಳ ಪಾತ್ರ ಕಡಿಮೆಯದಲ್ಲ. ಬಾನಿ ಕ್ಯಾಶಿನ್, ಪಾಲೀನ್ ಟ್ರಿಜೇರ್, ವೆರಾ ಮ್ಯಾಕ್ಸ್‌ವೆಲ್ ಮುಂತಾದ ಹೆಸರಾಂತರ ಉಡುಪುಗಳ ಮೇಲೂ ಈ ಲೇಬಲ್ ಕಾಣಿಸಿಕೊಂಡಿತು.

ಆ ಬಟ್ಟೆಗಳ ಚಿತ್ರಗಳನ್ನು ನೋಡಿದರೆ ಮೊದಲಿಗೆ ವಿಶೇಷವೇನೂ ಕಾಣುವುದಿಲ್ಲ. ಅದೇ ಅವುಗಳ ವಿಶೇಷ. ಪ್ಯಾಂಟಿನ ಪಕ್ಕದ ಹೊಲಿಗೆಯೊಳಗೆ ಉದ್ದನೆಯ ಜಿಪ್ಪು ಅಡಗಿದೆ. ಪೂರ್ತಿ ತೆರೆದರೆ ಕಾಲನ್ನು ಎತ್ತದೆಯೇ ಬಟ್ಟೆಯನ್ನು ಸುತ್ತಿ ಮುಚ್ಚಬಹುದು. ತಲೆಯ ಮೇಲಿಂದ ಎಳೆದುಕೊಳ್ಳುವ ಫ್ರಾಕಿನ ಬದಲು ಮುಂದಿನಿಂದ ಸುತ್ತಿ ಕಟ್ಟುವ ಲಂಗ. ಬೆನ್ನಿನಲ್ಲಿ ಮಡಿಕೆಗಳು, ಕೈ ಮುಂದಕ್ಕೆ ಚಾಚಿದಾಗ ಅವು ಬಿಚ್ಚಿಕೊಂಡು ಜಾಗ ಕೊಡುತ್ತವೆ. ಊರುಗೋಲಿನವರಿಗೆ ಕಂಕುಳಲ್ಲಿ ಎರಡು ಪದರ. ದೂರದಿಂದ ನೋಡಿದವರಿಗೆ ಅದು ಆ ವರ್ಷದ ಫ್ಯಾಷನ್, ಅಷ್ಟೆ.

ಅದೇ ಕಾಲದಲ್ಲಿ ಅಮೆರಿಕದ ಕೃಷಿ ಇಲಾಖೆಯಲ್ಲೂ ಒಬ್ಬ ಹೆಂಗಸು ಇದೇ ಕೆಲಸ ಮಾಡುತ್ತಿದ್ದರು. ಕೃಷಿ ಇಲಾಖೆಗೂ ಬಟ್ಟೆಗೂ ಏನು ಸಂಬಂಧ ಎಂದು ಕೇಳಬಹುದು. ರೈತರ ಮನೆಯ ಹೆಂಗಸರ ಕೆಲಸ ಹಗುರ ಮಾಡಲೆಂದು ಅಲ್ಲಿ ಗೃಹವಿಜ್ಞಾನದ ವಿಭಾಗವಿತ್ತು. ಅಲ್ಲಿನ ಕ್ಲಾರಿಸ್ ಸ್ಕಾಟ್, ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರಿಗೆ ಉಡುಪು ರೂಪಿಸಿದವರು. ಅಂಗವಿಕಲ ಗೃಹಿಣಿಯರಿಗಾಗಿ ಅವರು ಮಾಡಿದ ಉಡುಪುಗಳ ವರದಿ 1961ರಲ್ಲಿ ಹೊರಬಂತು. ಒಲೆಯ ಮುಂದೆ ಕೆಲಸ ಮಾಡುವ, ಬಗ್ಗುವ, ಕೈಚಾಚುವ ಹೆಂಗಸಿಗೆ ಬಟ್ಟೆ ಎಲ್ಲಿ ಹಿಡಿಯುತ್ತದೆ, ಎಲ್ಲಿ ಹರಿಯುತ್ತದೆ ಎಂಬುದನ್ನು ಅವರು ನೋಡಿದರು. ನನಗೇನೋ ನ್ಯೂಯಾರ್ಕಿನ ಫ್ಯಾಷನ್ನಿಗಿಂತ ಈ ಅಡುಗೆಮನೆಯ ವರದಿಯೇ ಹೆಚ್ಚು ಇಷ್ಟ.

ಬಟ್ಟೆಯನ್ನು ಬಂಧಿಸುವ ಹೊಸ ಸಾಧನಗಳೂ ಆಗಷ್ಟೇ ಬಂದಿದ್ದವು. ಜಿಪ್ಪಿನ ಹುಟ್ಟು 1893ರದು. ಚಿಕಾಗೋದ ವಿಟ್‌ಕಾಂಬ್ ಜಡ್ಸನ್ ಅದನ್ನು ಮಾಡಿದ್ದು ಬೂಟಿಗಾಗಿ. ಬೆನ್ನುನೋವಿನಿಂದ ಬಗ್ಗಲಾರದ ಗೆಳೆಯನೊಬ್ಬನಿಗಾಗಿ ಎಂಬ ಕಥೆಯೂ ಇದೆ. ಕಥೆ ಎಂದೇ ಇಟ್ಟುಕೊಳ್ಳೋಣ. ಅದನ್ನು ನಂಬಿಕೆಗೆ ಅರ್ಹವಾಗುವಂತೆ ಸುಧಾರಿಸಿದವನು ಗಿಡಿಯನ್ ಸಂಡ್‌ಬ್ಯಾಕ್, 1913ರಲ್ಲಿ. ವೆಲ್‌ಕ್ರೋ ಕಥೆ ಹೆಚ್ಚು ಪ್ರಸಿದ್ಧ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್ 1941ರಲ್ಲಿ ನಾಯಿಯೊಂದಿಗೆ ಕಾಡಿಗೆ ಹೋಗಿ ಬಂದಾಗ ಬಟ್ಟೆಗೂ ನಾಯಿಯ ಕೂದಲಿಗೂ ಮುಳ್ಳುಕಾಯಿ ಅಂಟಿದ್ದವು. ನಮ್ಮ ಹೊಲದ ಬದುವಿನಲ್ಲಿ ಓಡಾಡಿದವರಿಗೆ ಉತ್ತರಾಣಿ ಪಂಚೆಗೆ ಅಂಟುವುದು ಹೊಸದಲ್ಲ; ಕಿತ್ತು ಬಿಸಾಡುತ್ತೇವೆ. ಆತ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಸಾವಿರಾರು ಪುಟ್ಟ ಕೊಕ್ಕೆಗಳು. ಒಂದು ಪಟ್ಟಿಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಕುಣಿಕೆ ಇಟ್ಟು ನೈಲಾನಿನಲ್ಲಿ ಅದನ್ನೇ ಮರುಸೃಷ್ಟಿಸಲು ವರ್ಷಗಳು ಹಿಡಿದವು. ಅಮೆರಿಕದ ಪೇಟೆಂಟು 1955ರಲ್ಲಿ ದೊರೆಯಿತು. ಕುಕ್‌ಮನ್ ಕೆಲಸ ಆರಂಭವಾದ ಕಾಲವೂ ಅದೇ.

ಆದರೆ ವೆಲ್‌ಕ್ರೋ ಬಟ್ಟೆಯ ಲೋಕವನ್ನು ಸುಲಭವಾಗಿ ಗೆಲ್ಲಲಿಲ್ಲ. 1959ರಲ್ಲಿ ನ್ಯೂಯಾರ್ಕಿನಲ್ಲಿ ಅದರ ಉಡುಪುಗಳ ಪ್ರದರ್ಶನವೊಂದು ನಡೆದಾಗ ಪತ್ರಿಕೆಗಳು ಉಪಯುಕ್ತ ಎಂದವೇ ಹೊರತು ಚೆಂದ ಎನ್ನಲಿಲ್ಲ. ಅದನ್ನು ಮೊದಲು ಮೆಚ್ಚಿದವರಲ್ಲಿ ಬಾಹ್ಯಾಕಾಶ ಯಾನಿಗಳ ಉಡುಪು ಮಾಡುವವರು ಸೇರಿದ್ದರು. ದಪ್ಪ ಕೈಗವಸು ತೊಟ್ಟ ಗಗನಯಾತ್ರಿಯ ಬೆರಳೂ ಸಂಧಿವಾತದ ಅಜ್ಜಿಯ ಬೆರಳೂ ಗುಂಡಿಯ ಮುಂದೆ ಒಂದೇ. ವೆಲ್‌ಕ್ರೋಗೆ ದೋಷಗಳೂ ಇವೆ. ನೂಲು, ಕೂದಲು ತುಂಬಿಕೊಂಡರೆ ಹಿಡಿಯುವುದಿಲ್ಲ. ಒಗೆಯುವಾಗ ಮುಚ್ಚಿಡದಿದ್ದರೆ ಬೇರೆ ಬಟ್ಟೆಯನ್ನು ಕಚ್ಚುತ್ತದೆ. ಬಿಚ್ಚುವಾಗ ಬರುವ ‘ಪರ್ರ್’ ಸದ್ದು ಸಭೆಯಲ್ಲಿ ಎಲ್ಲರೂ ತಿರುಗಿ ನೋಡುವಂತೆ ಮಾಡುತ್ತದೆ.

ಫಂಕ್ಷನಲ್ ಫ್ಯಾಷನ್ಸ್ ಸುಮಾರು ಎರಡು ದಶಕ ನಡೆಯಿತು. 1970ರ ದಶಕದಲ್ಲಿ ಲೆವೈಸ್ ಕಂಪನಿ ಪಕ್ಕದುದ್ದಕ್ಕೂ ಜಿಪ್ಪಿರುವ ಜೀನ್ಸನ್ನು ಅಂಚೆಯ ಮೂಲಕ ಮಾರಿತು. 1976ರ ಹೊತ್ತಿಗೆ ಆ ಲೇಬಲ್ ನಿಂತುಹೋಯಿತು. ಇಷ್ಟು ಚೆನ್ನಾಗಿದ್ದದ್ದು ಏಕೆ ನಿಂತಿತು? ಕಾರಣವನ್ನು ಸಿದ್ಧ ಉಡುಪಿನ ಲೆಕ್ಕಾಚಾರದಲ್ಲೇ ಹುಡುಕಬೇಕೆಂದು ನನಗನ್ನಿಸುತ್ತದೆ. ಸಿದ್ಧ ಉಡುಪು ನಿಂತಿರುವುದು ಸರಾಸರಿಯ ಮೇಲೆ. ಸ್ಕಾಟ್ ಇದ್ದ ಅದೇ ಕೃಷಿ ಇಲಾಖೆಯ ವಿಭಾಗ 1939-40ರಲ್ಲಿ ಸುಮಾರು 15,000 ಹೆಂಗಸರ ಮೈಯಳತೆ ತೆಗೆಸಿತ್ತು. 1941ರಲ್ಲಿ ಪ್ರಕಟವಾದ ಆ ಅಂಕಿಗಳೇ ಮುಂದೆ ಅಮೆರಿಕದ ಹೆಂಗಸರ ಉಡುಪಿನ ‘ಸೈಜು’ಗಳಿಗೆ ಅಡಿಪಾಯವಾದವು. ಅಳೆದದ್ದು ನೆಟ್ಟಗೆ ನಿಂತ ಮೈಯನ್ನು. ವಯಸ್ಸಾದ ಮೈಗೆ ಸರಾಸರಿ ಎಂಬುದಿಲ್ಲ. ಒಬ್ಬರಿಗೆ ಬಲಭುಜ ಏಳದು, ಇನ್ನೊಬ್ಬರಿಗೆ ಎಡಗಾಲು ಮಡಚದು, ಮತ್ತೊಬ್ಬರಿಗೆ ಗೂನು. ಒಂದೊಂದು ತೊಂದರೆಗೆ ಒಂದೊಂದು ಮಾದರಿ, ಅದಕ್ಕೆ ಆರು ಸೈಜು, ನಾಲ್ಕು ಬಣ್ಣ ಎಂದರೆ ಯಾವ ಅಂಗಡಿಯ ಕಪಾಟೂ ಸಾಲದು. ಕೊಳ್ಳುವವರೂ ಅಂಗಡಿಗೆ ಬರಲಾರದವರೇ.

ಅಂಗಡಿ ಬಿಟ್ಟ ಜಾಗವನ್ನು ಆಸ್ಪತ್ರೆಗಳಿಗೆ, ವೃದ್ಧಾಶ್ರಮಗಳಿಗೆ ಸಾಮಾನು ಒದಗಿಸುವವರು ತುಂಬಿದರು. ಅಲ್ಲಿ ಪ್ರಶ್ನೆಯೇ ಬದಲಾಯಿತು. ತೊಡುವವರಿಗೆ ಸುಲಭವೇ ಎಂಬುದರ ಬದಲು ತೊಡಿಸುವವರಿಗೆ ಸುಲಭವೇ ಎಂದಾಯಿತು. ಬೆನ್ನು ತೆರೆದ ಆಸ್ಪತ್ರೆಯ ಗೌನು ಇದರ ಮೂಲಪುರುಷ. ಮಲಗಿದ ರೋಗಿಯನ್ನು ಎತ್ತದೆ ಹಾಕಬಹುದು ಎಂಬುದು ನಿಜ. ಎದ್ದು ಓಡಾಡುವ ರೋಗಿ ಮಾತ್ರ ಒಂದು ಕೈಯಲ್ಲಿ ಹಿಂಬದಿಯನ್ನು ಹಿಡಿದುಕೊಂಡೇ ನಡೆಯಬೇಕು. ಬಟ್ಟೆ ಇರುವುದು ಮಾನ ಮುಚ್ಚಲು ಎಂದು ನಮ್ಮ ಹಳ್ಳಿಯ ಹಿರಿಯರು ಹೇಳುತ್ತಿದ್ದ ಮಾತು ಆಸ್ಪತ್ರೆಯ ಪಡಸಾಲೆಯಲ್ಲಿ ನೆನಪಾಗದೆ ಇರದು. ಇದೇ ತತ್ವವನ್ನು ಸುಧಾರಿಸಿ, ಮುಂದಿನಿಂದ ಸಾಮಾನ್ಯ ಅಂಗಿಯಂತೆ ಕಾಣುವ, ಬೆನ್ನಿನಲ್ಲಿ ಒಂದರ ಮೇಲೊಂದು ಮಡಿಕೆ ಬಂದು ಭುಜದ ಮೇಲೆ ಟಿಚ್ ಗುಂಡಿ ಕೂರುವ ಉಡುಪುಗಳು ಬಂದಿವೆ. ಹಾಸಿಗೆ ಹಿಡಿದವರಿಗೆ ಅವು ನಿಜಕ್ಕೂ ಉಪಕಾರಿ. ಮರೆವಿನ ರೋಗದವರು ಎಲ್ಲೆಂದರಲ್ಲಿ ಬಟ್ಟೆ ಬಿಚ್ಚದಿರಲೆಂದು ಹಿಂದೆ ಜಿಪ್ಪು ಇಟ್ಟ ಇಡೀ ಮೈಯ ಉಡುಪೂ ಇದೆ. ನೋಡಿಕೊಳ್ಳುವವರ ಕಷ್ಟ ಬಲ್ಲೆ, ಆದರೂ ಅದನ್ನು ಉಡುಪು ಎನ್ನಬೇಕೋ ಬೀಗ ಎನ್ನಬೇಕೋ ತಿಳಿಯದು.

ಮತ್ತೆ ಗಾಳಿ ಬದಲಾದದ್ದು ಹೊಸ ಶತಮಾನದಲ್ಲಿ. ಅಮೆರಿಕದ ಫುಟ್‌ಬಾಲ್ ತರಬೇತುದಾರ ಡಾನ್ ಹಾರ್ಟನ್‌ಗೆ ಪಾರ್ಕಿನ್‌ಸನ್ ಕಾಯಿಲೆ ಇತ್ತು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ವಿವರಿಸಿದ, ನಮ್ಮವರು ಕಂಪವಾತ ಎನ್ನುವ ಕೈನಡುಕದ ರೋಗ. 2009ರಲ್ಲಿ ಪಂದ್ಯ ಮುಗಿಸಿ ಹೊರಡುವಾಗ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಆಟಗಾರನೊಬ್ಬ ಹಾಕಿಕೊಟ್ಟ. ಮನೆಗೆ ಬಂದು ಇದನ್ನು ಹೇಳಿಕೊಂಡಾಗ ಹೆಂಡತಿ ಮೌರಾ ಹಾರ್ಟನ್, ಕಾಜದ ಹಿಂದೆ ಪುಟ್ಟ ಅಯಸ್ಕಾಂತಗಳನ್ನು ಅಡಗಿಸಿದ ಅಂಗಿಯನ್ನು ರೂಪಿಸಿದರು. ಮೇಲೆ ಗುಂಡಿಗಳು ತೋರಿಕೆಗೆ ಹಾಗೆಯೇ ಇವೆ. ಎರಡು ಅಂಚು ಹತ್ತಿರ ತಂದರೆ ತಾವಾಗಿ ಕೂಡಿಕೊಳ್ಳುತ್ತವೆ. 2013ರ ಸುಮಾರಿಗೆ ಅವು ಮಾರುಕಟ್ಟೆಗೆ ಬಂದವು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಇಂಥ ಅಂಗಿಯಿಂದ ದೂರವಿರಬೇಕು. 2015ರಲ್ಲಿ ನೈಕಿ, ಲೇಸು ಕಟ್ಟದೆ ಹಾಕಿಕೊಳ್ಳುವ ಬೂಟನ್ನು ತಂದಿತು. ಟಾಮಿ ಹಿಲ್‌ಫಿಗರ್ ಕಂಪನಿ 2016ರಲ್ಲಿ ಮಕ್ಕಳಿಗೆ, ಮರುವರ್ಷ ದೊಡ್ಡವರಿಗೆ ಇಂಥ ಉಡುಪುಗಳನ್ನು ಹೊರತಂದಿತು. ಕಪಾಟಿನ ಸಮಸ್ಯೆಯನ್ನು ಇಂಟರ್‌ನೆಟ್ ಅಂಗಡಿ ಸ್ವಲ್ಪಮಟ್ಟಿಗೆ ಬಿಡಿಸಿದೆ. ಆದರೆ ಇವೆಲ್ಲದರ ಬೆಲೆ ನಮ್ಮ ಪಿಂಚಣಿದಾರರ ಕೈಗೆ ಎಟುಕುವಂಥದಲ್ಲ.

2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ದಾಟಿದವರು 10 ಕೋಟಿ 38 ಲಕ್ಷ. ಆಮೇಲೆ ಆ ಸಂಖ್ಯೆ ಬಹಳ ಏರಿದೆ. ನಮ್ಮಲ್ಲಿ ಈ ಉಡುಪಿನ ಕ್ರಾಂತಿ ಯಾರ ಪ್ರದರ್ಶನವೂ ಇಲ್ಲದೆ ನಡೆದಿದೆ, ಅದರ ಹೆಸರು ನೈಟಿ. ಸೊಂಟದ ಮೂಳೆ ಮುರಿದು ಆಸ್ಪತ್ರೆಯಿಂದ ಮರಳಿದ ಎಷ್ಟೋ ಅಜ್ಜಿಯರು ಮತ್ತೆ ಸೀರೆ ಉಡಲಿಲ್ಲ. ನಿರಿಗೆ ಇಲ್ಲ, ಲಾಡಿ ಇಲ್ಲ, ಸೆರಗು ಕಾಲಿಗೆ ತೊಡರುವ ಭಯವಿಲ್ಲ. ಆದರೆ ಐವತ್ತು ವರ್ಷ ಸೀರೆಯಲ್ಲೇ ಇದ್ದವರಿಗೆ ಅದು ಬಟ್ಟೆ ತೊಟ್ಟ ಹಾಗಲ್ಲ, ಬಟ್ಟೆ ಬಿಟ್ಟ ಹಾಗೆ. ಬಾಗಿಲ ಗಂಟೆ ಬಾರಿಸಿದೊಡನೆ ನೈಟಿಯ ಮೇಲೆ ಟವೆಲ್ಲನ್ನು ಹೊದೆದುಕೊಳ್ಳುವ ಹೆಂಗಸರನ್ನು ನಾವೆಲ್ಲ ಬಲ್ಲೆವು. ಅದನ್ನು ನೋಡಿ ನಗುವವರು ರೂಸ್‌ವೆಲ್ಟರ ಹೊದಿಕೆಯನ್ನು ಒಮ್ಮೆ ನೆನೆಯಬೇಕು. ನೈಟಿ ಬೇಕೆಂದು ಅಜ್ಜಿ ಕೇಳಿದರೇ, ಅಥವಾ ಮನೆಯವರು ತಂದು ಕೊಟ್ಟರೇ? ನ್ಯೂಯಾರ್ಕಿನಲ್ಲಿ ಎದ್ದ ಪ್ರಶ್ನೆ ಇಲ್ಲಿಯೂ ಅದೇ.

ನಡುವಿನ ದಾರಿಗಳೂ ಹುಟ್ಟಿವೆ. ನಿರಿಗೆ ಹೊಲಿದಿಟ್ಟ, ಸೊಂಟಕ್ಕೆ ಕೊಕ್ಕೆ ಹಾಕುವ ಸೀರೆ ಸಿಗುತ್ತದೆ; ಅದನ್ನು ತಯಾರಿಸಿದ್ದು ಉಡಲು ಬಾರದ ತರುಣಿಯರಿಗಾಗಿ, ನೆರವಾದದ್ದು ಅವರ ಅಜ್ಜಿಯರಿಗೂ. ವೆಲ್‌ಕ್ರೋ ಹಚ್ಚಿದ ಪಂಚೆಯ ಕಥೆಯೂ ಇದೇ. ಮದುವೆಮನೆಯಲ್ಲಿ ಪಂಚೆ ಜಾರೀತೆಂದು ಹೆದರುವ ಹುಡುಗರಿಗಾಗಿ ಬಂದ ಈ ಪಂಚೆಯನ್ನು ಲಕ್ವದಿಂದ ಒಂದು ಕೈ ಸೋತವರೂ ಕುಳಿತಲ್ಲೇ ಉಡಬಲ್ಲರು.

ಅದೃಷ್ಟಕ್ಕೆ, ಅಮೆರಿಕದಲ್ಲಿ ಬಹುಮಟ್ಟಿಗೆ ಮಾಯವಾಗಿರುವ ಒಬ್ಬ ಮನುಷ್ಯ ನಮ್ಮಲ್ಲಿ ಇನ್ನೂ ಇದ್ದಾನೆ. ಬೀದಿಯ ಮೂಲೆಯ ಟೈಲರು. ಅವನಿಗೆ ಸರಾಸರಿಯ ಹಂಗಿಲ್ಲ. ಇರುವ ಅಂಗಿಯ ಗುಂಡಿಗಳನ್ನು ಕಿತ್ತು ಮೇಲಿನ ಪಟ್ಟಿಯ ಕಾಜದ ಮೇಲೆಯೇ ಹೊಲಿದು, ಅಡಿಯಲ್ಲಿ ವೆಲ್‌ಕ್ರೋ ತುಂಡುಗಳನ್ನು ಇಟ್ಟರೆ ನೋಡುವವರಿಗೆ ಅದು ಗುಂಡಿಯ ಅಂಗಿಯೇ. ಮಣಿಕಟ್ಟಿನ ಗುಂಡಿಯನ್ನು ಎಲಾಸ್ಟಿಕ್ ದಾರದಲ್ಲಿ ಹೊಲಿದರೆ ಬಿಚ್ಚದೆಯೇ ಕೈ ತೂರುತ್ತದೆ. ಜಿಪ್ಪಿನ ತುದಿಗೆ ಕೀಲಿಯ ರಿಂಗು ಸಿಕ್ಕಿಸಿದರೆ ಬೆರಳು ಹಾಕಿ ಎಳೆಯಬಹುದು. ಲಾಡಿಯ ಬದಲು ಅಗಲ ಎಲಾಸ್ಟಿಕ್, ರವಿಕೆಗೆ ಹುಕ್ಕಿನ ಬದಲು ಮುಂದೆ ಟಿಚ್ ಗುಂಡಿ. ಗೂನುಬೆನ್ನಿದ್ದರೆ ಅಂಗಿಯ ಹಿಂಭಾಗ ಉದ್ದ, ಮುಂಭಾಗ ಗಿಡ್ಡ. ಕಂಕುಳು ಒಂದಿಂಚು ಸಡಿಲ. ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಸೋತ ಕೈ ಕೊನೆಗೆ. ಥೆರಪಿಸ್ಟರು ಹೇಳಿಕೊಡುವ ಈ ಕ್ರಮ ತಪ್ಪಿದರೆ ಎಂಥ ಅಂಗಿಯೂ ಶಿಕ್ಷೆಯೇ.

ಹೊಸದಾಗಿ ಹೊಲಿಸುವುದಾದರೆ ಟೈಲರನ್ನು ಮನೆಗೇ ಕರೆಸುವುದು ಮೇಲು. ರೂಢಿಯಂತೆ ಅವನು ಎದ್ದು ನಿಲ್ಲಿ ಎನ್ನುತ್ತಾನೆ. ದಿನವಿಡೀ ಕುರ್ಚಿಯಲ್ಲಿರುವವರ ಪ್ಯಾಂಟಿನ ಅಳತೆಯನ್ನು ಕುರ್ಚಿಯಲ್ಲಿ ಕೂರಿಸಿಯೇ ತೆಗೆಯಬೇಕು. ಹಿಂದೆ ಮೂರು ನಾಲ್ಕು ಇಂಚು ಎತ್ತರ ಬೇಕಾಗುತ್ತದೆ, ಮುಂದೆ ಅಷ್ಟು ಬೇಡ, ಮಂಡಿ ಮಡಚಿದಾಗ ಪಾದದ ಮೇಲೆ ಏರದಷ್ಟು ಉದ್ದ ಇರಬೇಕು. ಹಿಂದಿನ ಜೇಬು ಇರಲೇಕೂಡದು. ಒತ್ತಿ ಒತ್ತಿ ಹುಣ್ಣಾಗುತ್ತದೆ. ಮುಂದಿನ ಜೇಬನ್ನು ತೊಡೆಯ ಮೇಲಕ್ಕೆ ತರಬೇಕು, ಕುಳಿತವರ ಕೈಗೆ ಅದೇ ಸಿಗುವುದು. ಬಟ್ಟೆಯ ಬಣ್ಣವನ್ನು ಅವರನ್ನೇ ಕೇಳಿ.